ಕೆಲಸದ ಮಧ್ಯೆ ಹಾರ್ಟ್ ಅಟ್ಯಾಕ್: ನಮ್ಮ ಶಾಪ್‌ನಲ್ಲಿ ಏನೇನು ಸಿದ್ಧ ಇಟ್ಟುಕೊಳ್ಳಬೇಕು?

ಪೀಣ್ಯ ಆಪರೇಟರ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಸಿಎನ್‌ಸಿ ಶಾಪ್‌ನಲ್ಲಿ ನಾನು ಆಪರೇಟರ್. ಎರಡು ಶಿಫ್ಟ್ ಸೇರಿ ನಲವತ್ತು ಚಿಲ್ಲರೆ ಜನ ಇದ್ದೀವಿ. ಹೋದ ತಿಂಗಳು ನಮ್ಮ ಸೀನಿಯರ್ ಸೆಟ್ಟರ್ ಅಣ್ಣನಿಗೆ ಕೆಲಸದ ಮಧ್ಯೆಯೇ ಹಾರ್ಟ್ ಅಟ್ಯಾಕ್ ಆಯ್ತು. ಸ್ಟೆಂಟ್ ಹಾಕಿದ್ದಾರೆ, ಈಗ ಮನೆಯಲ್ಲಿದ್ದಾರೆ, ಹುಷಾರು.

ಅವರಿಗೆ ನಲವತ್ತಾರು. ಶುಗರ್ ಇದೆ. ಬೆಳಗ್ಗೆಯಿಂದ "ಎದೆ ಉರೀತಿದೆ ಕಣೋ, ರಾತ್ರಿ ತಿಂದ ಬೋಂಡ ಕರಗಿಲ್ಲ" ಅಂತಿದ್ರು. ಟೀ ಆದ ಮೇಲೆ ಹೊಸ ಜಾಬ್‌ನ ಮೊದಲ ಪೀಸ್ ಓಡಿಸ್ತಾ ನಿಂತಿದ್ದವರು ಇದ್ದಕ್ಕಿದ್ದ ಹಾಗೆ ಮಷೀನ್ ತಡೆದು ನಿಲ್ಲಿಸೋ ಫೀಡ್ ಹೋಲ್ಡ್ ಬಟನ್ ಒತ್ತಿ ಪಕ್ಕದ ಕ್ರೇಟ್ ಮೇಲೆ ಕೂತುಬಿಟ್ಟರು. ಮೊದಲ ಪೀಸ್ ಅರ್ಧದಲ್ಲಿ ಬಿಡೋ ಮನುಷ್ಯ ಅಲ್ಲ ಅವರು, ಅಲ್ಲಿಗೇ ನನಗೆ ಅನುಮಾನ ಬಂತು. ಶೀಟ್ ಛಾವಣಿ ಕೆಳಗೆ ನಾವೆಲ್ಲ ಬೆವರ್ತಾನೇ ಇರ್ತೀವಿ, ಅದರಲ್ಲೇನೂ ವಿಶೇಷ ಇಲ್ಲ. ಆದರೆ ಅವರ ಕುತ್ತಿಗೆ ಮುಟ್ಟಿದರೆ ತಣ್ಣಗಿತ್ತು. ಎದೆ ಹಿಡ್ಕೊಂಡಿರಲಿಲ್ಲ, ಕಾಟನ್ ವೇಸ್ಟ್ ಇದ್ದ ಕೈಯಲ್ಲೇ ದವಡೆ ಒತ್ತಿಕೊಳ್ತಿದ್ರು.

ಆಮೇಲೆ ನಡೆದದ್ದು ನಿಮಗೆ ಗೊತ್ತಿರೋದೇ. ಒಬ್ಬ ಈನೋ ತಂದ. ಒಬ್ಬ ಸೋಡಾಗೆ ನಿಂಬೆಹಣ್ಣು ಹಿಂಡಿದ. ಇನ್ನೊಬ್ಬ "ವಾಯು ಹಿಡಿದಿದೆ" ಅಂತ ಬೆನ್ನು ಗುದ್ದೋಕೆ ಶುರು. ಸೂಪರ್‌ವೈಸರ್ ಮೂಲೆಯ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಒಂದು ಇಂಜೆಕ್ಷನ್ ಹಾಕಿಸಿ ಅಂದ್ರು. ಇಬ್ಬರು ಹುಡುಗರು ಅಣ್ಣನನ್ನ ಮಧ್ಯೆ ಕೂರಿಸಿಕೊಂಡು ತ್ರಿಬಲ್ ಹೋಗ್ತೀವಿ ಅಂತ ಬೈಕ್ ಸ್ಟಾರ್ಟೇ ಮಾಡಿದ್ರು. ಅಷ್ಟರಲ್ಲಿ ಓನರ್ ಮೇಲಿಂದ ಇಳಿದು ಬಂದು ಮುಖ ನೋಡಿ "ಕಾರ್ ತೆಗೀರಿ" ಅಂದ್ರು. ಅವರ ತಂದೆಯವರಿಗೂ ಹೀಗೇ ಆಗಿತ್ತಂತೆ. ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕೋ ಕೋಣೆ) ಇರೋ ಆಸ್ಪತ್ರೆಗೆ ನೇರವಾಗಿ ಹೋದ್ವಿ.

ದಾರಿಯುದ್ದಕ್ಕೂ ಮಾತಾಡ್ತಿದ್ದ ಮನುಷ್ಯ ಕ್ಯಾಶುಯಾಲ್ಟಿ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿಸ್ತಿದ್ದ ಹಾಗೆ ಕಣ್ಣು ಮೇಲೆ ಮಾಡಿದ್ರು. ಎದೆ ಒತ್ತಿ, ಕರೆಂಟ್ ಕೊಟ್ಟು, ವಾಪಸ್ ತಂದ್ರು. ಅದೇ ನಮ್ಮ ಕ್ರೇಟ್ ಪಕ್ಕದಲ್ಲಿ ಆಗಿದ್ದರೆ ನಮ್ಮಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಓನರ್ ಈಗ "ಏನೇನು ಬೇಕು, ನೀನೇ ವಿಚಾರಿಸಿ ಬರ್ಕೊಂಡು ಬಾ" ಅಂದಿದ್ದಾರೆ. ಮಾತ್ರೆ ಇಡಬೇಕಾ? ಆ ಕರೆಂಟ್ ಕೊಡೋ ಪೆಟ್ಟಿಗೆ ತಗೋಬೇಕಾ? 108ಕ್ಕೆ ಕಾಯಬೇಕಾ, ಕಾರಲ್ಲಿ ಹೋಗಬೇಕಾ? ಅನುಭವ ಇದ್ದವರು ಹೇಳಿ.

ಓದುಗ 77

ಒಳ್ಳೆ ಕೆಲಸ ಮಾಡಿದ್ರಿ ಗುರುಗಳೇ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಂದು ಕಿಟ್ ಬಗ್ಗೆ ಮೆಸೇಜ್ ಬಂದಿತ್ತು. ಸಾರ್ಬಿಟ್ರೇಟ್ ಒಂದು ನಾಲಿಗೆ ಕೆಳಗೆ, ಇಕೋಸ್ಪ್ರಿನ್ (ಆಸ್ಪಿರಿನ್ ಮಾತ್ರೆ), ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆ. ಹತ್ತು ರೂಪಾಯಿ ಕೂಡ ಆಗಲ್ಲ. ಎಲ್ಲರ ಜೇಬಲ್ಲೂ ಒಂದೊಂದು ಇಡಿಸಿಬಿಡಿ. ಒಬ್ಬರೇ ಇದ್ದಾಗ ಅಟ್ಯಾಕ್ ಆದರೆ ಜೋರಾಗಿ ಕೆಮ್ತಾ ಇರಬೇಕು ಅಂತಲೂ ಅದರಲ್ಲಿತ್ತು.

ಡ್ಯೂಟಿ ಸಿಸ್ಟರ್

ಓದುಗರೇ, ಆ ಮೆಸೇಜ್ ನನಗೂ ವಾರಕ್ಕೊಮ್ಮೆ ಬರುತ್ತೆ. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಮಾಡ್ತೀನಿ, ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಕೆಮ್ಮೋದು ಪೂರ್ತಿ ಸುಳ್ಳು. ಕೆಮ್ಮೋಷ್ಟು ಪ್ರಜ್ಞೆ ಇರೋರು ಆ ಸಮಯದಲ್ಲಿ ಫೋನ್ ಮಾಡಲಿ, ಬಾಗಿಲ ಚಿಲಕ ತೆಗೆದಿಟ್ಟು ಕೂರಲಿ.

ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತೆ. ಎಲ್ಲ ಅಟ್ಯಾಕ್‌ಗಳೂ ಒಂದೇ ಥರ ಅಲ್ಲ. ಹೃದಯದ ಕೆಳಭಾಗ, ಬಲಭಾಗಕ್ಕೆ ಪೆಟ್ಟು ಬಿದ್ದಿರೋರಲ್ಲಿ ಬಿಪಿ ಮೊದಲೇ ಕಮ್ಮಿ ಇರಬಹುದು. ಅಂಥವರ ನಾಲಿಗೆ ಕೆಳಗೆ ಇದನ್ನ ಇಟ್ಟರೆ ಕೂತಲ್ಲೇ ಕುಸೀತಾರೆ. ವಯಾಗ್ರ ಥರದ ಮಾತ್ರೆ ಹಿಂದಿನ ದಿನ ನುಂಗಿರೋರಿಗೂ ಅಪಾಯ, ಅದನ್ನ ಸಹೋದ್ಯೋಗಿಗಳ ಮುಂದೆ ಯಾರೂ ಬಾಯಿಬಿಟ್ಟು ಹೇಳಲ್ಲ. ಇಸಿಜಿ ಇಲ್ಲ, ಬಿಪಿ ನೋಡಿಲ್ಲ ಅಂದಮೇಲೆ ಬೇರೆಯವರಿಗೆ ಸಾರ್ಬಿಟ್ರೇಟ್ ಕೊಡೋಕೆ ಹೋಗಬೇಡಿ. ಡಾಕ್ಟ್ರು ಅವರಿಗೇ ಅಂತ ಬರೆದುಕೊಟ್ಟಿದ್ದರೆ ಆ ಮಾತು ಬೇರೆ.

ಆಸ್ಪಿರಿನ್ ಉಪಯೋಗಕ್ಕೆ ಬರುತ್ತೆ. 300 ಮಿಲಿಗ್ರಾಂ ಆಸುಪಾಸು, ನುಂಗೋದಲ್ಲ, ಜಗಿದು ತಿನ್ನಬೇಕು. ಡಿಸ್ಪ್ರಿನ್ ಒಂದು ಮಾತ್ರೆ ಸಾಕು. ಇಕೋಸ್ಪ್ರಿನ್ 75 ಇದ್ದರೆ ನಾಲ್ಕು, ಅದರ ಮೇಲೆ ಲೇಪ ಇರೋದರಿಂದ ಜಗಿಯೋದು ಇನ್ನೂ ಮುಖ್ಯ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಿದ್ದೋರು, ಬಾಯಿ ಸೊಟ್ಟ ಆಗಿ ಕೈ ಬಿದ್ದುಹೋಗಿರೋರು (ಅದು ಪಾರ್ಶ್ವವಾಯು), ಇವರಿಗೆ ಬೇಡ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರೆ, ನೀರು, ಸೋಡಾ ಯಾವುದನ್ನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿದಾಗಲೇ ಆಸ್ಪಿರಿನ್ ಕೊಡಬಹುದಾ ಅಂತ ಕೇಳಿ. ಮಾತ್ರೆ ಹುಡುಕೋಕೆ ಅಂತ ಐದು ನಿಮಿಷ ಕಳೀಬೇಡಿ, ನಾವು ಇಲ್ಲಿ ಹೇಗೂ ಕೊಡ್ತೀವಿ.

ಇನ್ನು ಮುಖ್ಯವಾದ್ದು. ಆಪರೇಟರ್ ಅವರೇ, ನಿಮ್ಮ ಅಣ್ಣನಿಗೆ ಆವತ್ತು ಆದದ್ದು ಎರಡು ಬೇರೆ ಬೇರೆ ಘಟನೆ. ಕ್ರೇಟ್ ಮೇಲೆ ಕೂತಾಗ ಆಗಿದ್ದು ಹಾರ್ಟ್ ಅಟ್ಯಾಕ್. ನಿಮ್ಮ ಮಷೀನಿನ ಕೂಲೆಂಟ್ ಲೈನ್ ಕಟ್ಟಿಕೊಂಡ ಹಾಗೆ ಹೃದಯಕ್ಕೇ ರಕ್ತ ಕೊಡೋ ನಾಳದಲ್ಲಿ ಗಡ್ಡೆ ಕೂತಿತ್ತು, ಆದರೆ ಹೃದಯ ಬಡೀತಾನೇ ಇತ್ತು. ಆಸ್ಪತ್ರೆ ಬಾಗಿಲಲ್ಲಿ ಆಗಿದ್ದು ಕಾರ್ಡಿಯಾಕ್ ಅರೆಸ್ಟ್, ಬಡಿತ ಲಯ ತಪ್ಪಿ ಬರೀ ನಡುಗೋಕೆ ಶುರುವಾಯ್ತು, ರಕ್ತ ಮುಂದಕ್ಕೆ ಹೋಗೋದು ನಿಂತಿತು. ಮೊದಲನೇದಕ್ಕೆ ಬೇಕಾದ್ದು ಆಸ್ಪತ್ರೆ. ಎರಡನೇದಕ್ಕೆ ಬೇಕಾದ್ದು ಪಕ್ಕದಲ್ಲಿ ನಿಂತಿರೋರ ಕೈ, ಆಗಿಂದಾಗಲೇ. ಕರೆಂಟ್ ಕೊಡೋದು ಒಂದೊಂದು ನಿಮಿಷ ತಡ ಆದ ಹಾಗೂ ಬದುಕೋ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತೆ. ಎದೆ ಒತ್ತುತ್ತಾ ಇದ್ದರೆ ಅಷ್ಟು ಬೇಗ ಇಳಿಯಲ್ಲ.

ಹುಬ್ಬಳ್ಳಿ ಮಂದಿ

ಸಿಸ್ಟರ್, ನೀವು ಬರದಿದ್ದು ಓದಿ ಒಂದು ವಿಷಯ ಕೇಳಬೇಕನಸ್ತು. ನಾ ಅಮರಗೋಳ ಎಪಿಎಂಸಿ ಒಳಗ ಅಡತಿ ಅಂಗಡ್ಯಾಗ ಲೆಕ್ಕ ಬರೀತೀನ್ರಿ. ಒಬ್ಬ ಹಮಾಲ, ಇನ್ನೂ ನಲವತ್ತು ದಾಟಿರ್ಲಿಲ್ಲ, ಚೀಲ ಇಳಿಸಿ ನೀರು ಕುಡ್ಯಾಕ ಹೊಂಟಾವ ಧಪ್ಪಂತ ಬಿದ್ದ. ಕೈಕಾಲು ಜಗ್ಗಿದ್ವು. ಎಲ್ಲಾರೂ ಮೂರ್ಛಿ ಬಂದೈತಿ ಅಂದ್ರು. ಒಬ್ಬಾವ ಕೀಲಿಕೈ ಗೊಂಚಲ ಕೈಯಾಗ ತುರುಕಿದ, ಇನ್ನೊಬ್ಬಾವ ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡದ. ಆಗೊಮ್ಮೆ ಈಗೊಮ್ಮೆ ಗೊರಕಿ ಹೊಡದಂಗ ಉಸಿರು ಎಳೀತಿದ್ದ, ಅದಕ್ಕ "ಉಸಿರು ಐತಿ, ಗಾಳಿ ಬಿಡ್ರಿ" ಅಂತ ಸುತ್ತ ನಿಂತಿದ್ರು. ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತು. ಅವಂಗ ಮೊದಲ ಯಾವತ್ತೂ ಮೂರ್ಛಿ ಬಂದಿದ್ದಿಲ್ಲಂತ ಅವನ ತಮ್ಮ ಹೇಳಿದ. ಅದೂ ಹಾರ್ಟಿಂದೇ ಇರಬಹುದೇನ್ರಿ?

ಡ್ಯೂಟಿ ಸಿಸ್ಟರ್

ಇರಬಹುದು ಅಣ್ಣ. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಹೃದಯ ನಿಂತ ತಕ್ಷಣ ಮೆದುಳಿಗೆ ರಕ್ತ ಇಲ್ಲದೆ ಕೆಲವು ಸೆಕೆಂಡ್ ಮೈ ಜಗ್ಗೋದು ಸಾಮಾನ್ಯ, ನೋಡೋರಿಗೆ ಫಿಟ್ಸ್ ಥರಾನೇ ಕಾಣುತ್ತೆ. ನೀವು ಹೇಳಿದ ಆ ಗೊರಕೆಯೂ ಅಷ್ಟೇ. ಮೀನು ನೀರಿನಿಂದ ಹೊರಗೆ ಬಾಯಿ ತೆಗೆಯೋ ಥರ, ತಡೆದು ತಡೆದು ಬರುತ್ತೆ. ಅದನ್ನ ಉಸಿರಾಟ ಅಂತ ಲೆಕ್ಕಕ್ಕೆ ತಗೋಬಾರದು.

ಹಾಗಾಗಿ ನಾವು ಕಲಿಸೋದು ಇಷ್ಟೇ. ಭುಜ ಹಿಡಿದು ಅಲ್ಲಾಡಿಸಿ, ಜೋರಾಗಿ ಹೆಸರು ಹಿಡಿದು ಕರೀರಿ. ಎಚ್ಚರ ಇಲ್ಲ, ಉಸಿರು ಸರಿಯಾಗಿ ಆಡ್ತಿಲ್ಲ ಅಂದ್ರೆ ನಾಡಿ ಹುಡುಕ್ತಾ ಕೂರಬೇಡಿ, ಅದು ನಮಗೇ ಗಾಬರಿಯಲ್ಲಿ ಸಿಗಲ್ಲ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುಮಧ್ಯದ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ, ಮೈಭಾರ ಬಿಟ್ಟು 5ರಿಂದ 6 ಸೆಂಟಿಮೀಟರ್ ಇಳಿಯೋ ಹಾಗೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಬೇಕು, ಇಲ್ಲದಿದ್ದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳಲ್ಲ. ಎರಡು ನಿಮಿಷಕ್ಕೆ ಕೈ ಬದಲಾಯಿಸಿ, ಎಂಥ ಗಟ್ಟಿಗನಿಗೂ ಅಷ್ಟರಲ್ಲಿ ಸುಸ್ತಾಗಿ ಒತ್ತಡ ಇಳಿದಿರುತ್ತೆ, ಅವನಿಗೆ ಗೊತ್ತಾಗಲ್ಲ. ತರಬೇತಿ ಇಲ್ಲದವರು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡೋ ಗೋಜಿಗೆ ಹೋಗದೆ ಬರೀ ಒತ್ತಿದರೂ ಸಾಕು. ಪಕ್ಕೆಲುಬು ಲಟಕ್ ಅನ್ನಬಹುದು, ನಿಲ್ಲಿಸಬೇಡಿ.

ಗಾರ್ಮೆಂಟ್ಸ್ ಅಕ್ಕ

ನಾನು ಲೈನ್ ಸೂಪರ್‌ವೈಸರ್, ನನ್ನ ಕೈ ಕೆಳಗೆ ಹೆಚ್ಚಿನೋರೆಲ್ಲ ಹೆಣ್ಣುಮಕ್ಕಳೇ. ಇಲ್ಲಿ ಬರೀ ಗಂಡಸರ ಅಟ್ಯಾಕ್ ಬಗ್ಗೆನೇ ಮಾತು ನಡೀತಿದೆ. ನಮ್ಮ ಲೈನ್‌ನಲ್ಲಿ ಐವತ್ತರ ಆಸುಪಾಸಿನ ಚೆಕ್ಕಿಂಗ್ ಅಮ್ಮ ಒಬ್ಬರು "ಸುಸ್ತು, ಬೆನ್ನು ಹಿಡ್ಕೊಂಡಿದೆ, ವಾಕರಿಕೆ" ಅಂತ ಅಷ್ಟೇ ಹೇಳಿದ್ದು. ಟಾರ್ಗೆಟ್ ಟೈಮಲ್ಲಿ ಹಾಗೆ ಹೇಳಿದರೆ ಯಾರಾದರೂ ಏನಂದುಕೊಳ್ತಾರೆ? ರೆಸ್ಟ್ ರೂಮಲ್ಲಿ ಮಲಗಿಸಿ ಅಮೃತಾಂಜನ ಹಚ್ಚಿದ್ರು. ಸಂಜೆ ಮನೆಗೆ ಹೋಗಿ, ರಾತ್ರಿ ಉಸಿರು ಕಟ್ಟಿ, ಆಮೇಲೆ ಆಸ್ಪತ್ರೆ. ಬದುಕಿದರು, ಆದರೆ ಹೃದಯದ ಪಂಪಿಂಗ್ ಅರ್ಧಕ್ಕೆ ಇಳಿದಿದೆ, ಈಗ ಕೆಲಸಕ್ಕೆ ಬರೋಕಾಗ್ತಿಲ್ಲ.

ಇನ್ನೊಂದು, ಸಂಕೋಚ ಬಿಟ್ಟು ಕೇಳ್ತೀನಿ. ಹೆಂಗಸು ಬಿದ್ದರೆ ಗಂಡಸರು ಎದೆ ಒತ್ತೋಕೆ ಬರ್ತಾರಾ? ನಮ್ಮ ಮೆಕ್ಯಾನಿಕ್ ಹುಡುಗರನ್ನ ಕೇಳಿದ್ರೆ "ಬೇಡಮ್ಮ, ಆಮೇಲೆ ಯಾರಾದ್ರೂ ಏನಾದ್ರೂ ಅಂದ್ರೆ" ಅಂತಾರೆ.

ಡ್ಯೂಟಿ ಸಿಸ್ಟರ್

ಅಕ್ಕ, ಇದು ಎಲ್ಲ ಕಡೆಯ ಕಥೆ. ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಸಿಪಿಆರ್ (ಅದೇ ಈ ಎದೆ ಒತ್ತೋದು) ಸಿಗೋದು ಗಂಡಸರಿಗಿಂತ ಕಮ್ಮಿ ಅಂತ ಹೊರದೇಶದ ಅಧ್ಯಯನಗಳೂ ಹೇಳಿವೆ. ಒತ್ತೋ ಜಾಗ ಎದೆಗೂಡಿನ ಮಧ್ಯದ ಮೂಳೆ, ಬಟ್ಟೆ ಮೇಲಿಂದಲೇ ಒತ್ತಬಹುದು. ನಿಮ್ಮ ಲೈನಿನ ನಾಲ್ಕೈದು ಹೆಣ್ಣುಮಕ್ಕಳಿಗೇ ಕಲಿಸಿಬಿಡಿ. ಮಗ್ಗ, ಹೊಲಿಗೆ ಯಂತ್ರ ಓಡಿಸಿದ ಕೈಗೆ ಬಲ ಕಮ್ಮಿ ಇರಲ್ಲ.

ಮತ್ತೆ ಆ ಚೆಕ್ಕಿಂಗ್ ಅಮ್ಮನಿಗೆ ಆದದ್ದು ಹೆಂಗಸರಲ್ಲಿ, ಶುಗರ್ ಇರೋರಲ್ಲಿ, ವಯಸ್ಸಾದವರಲ್ಲಿ ನಾವು ಪದೇ ಪದೇ ನೋಡೋದು. ಎದೆನೋವೇ ಇರಲ್ಲ, ಇದ್ದರೂ ಜೋರಿರಲ್ಲ. ಕಾರಣ ಇಲ್ಲದ ತಣ್ಣನೆ ಬೆವರು, ಉಸಿರು ಸಾಲದೆ ಇರೋದು, ದವಡೆ, ಬೆನ್ನು, ಹೊಟ್ಟೆಯ ಮೇಲ್ಭಾಗದ ನೋವು, ವಾಂತಿ. "ಗ್ಯಾಸ್ಟ್ರಿಕ್" ಅಂತ ತಾವೇ ಹೇಳ್ಕೊಂಡು ಬರೋರಿಗೂ ನಾವು ಮೊದಲು ಇಸಿಜಿ ಅಂಟಿಸೋದು ಇದಕ್ಕೇ. ಗ್ಯಾಸೇ ಆಗಿದ್ದರೆ ಒಳ್ಳೇದೇ ಆಯ್ತು, ನಷ್ಟ ಒಂದು ಉದ್ದ ಕಾಗದ ಅಷ್ಟೆ.

ಕರಾವಳಿ ಮಾಣಿ

108ಕ್ಕೆ ಕಾಯ್ಬೇಕಾ, ಕಾರಲ್ಲಿ ಹೋಗ್ಬೇಕಾ ಅಂತ ಕೇಳಿದ್ರಿ ಅಲ್ವಾ, ಅದಕ್ಕೆ ಯಾರೂ ಉತ್ತರ ಕೊಟ್ಟ ಹಾಗೆ ಕಾಣ್ಲಿಲ್ಲ. ನಮ್ಮ ಗೇರುಬೀಜದ ಫ್ಯಾಕ್ಟರಿ ಇರುವುದು ಪೇಟೆಯಿಂದ ಬಹಳ ದೂರ, ಘಾಟಿಯ ಬುಡದಲ್ಲಿ. ಮಳೆಗಾಲದಲ್ಲಿ ಮರ ಬಿದ್ರೆ ಅಲ್ಲಿಗೇ ಮುಗೀತು. ನಮಗೆ ಉಪಕಾರ ಆದದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಇಸಿಜಿ ಮಷೀನು. ಮಂಗಳೂರಿನ ಡಾ. ಪದ್ಮನಾಭ ಕಾಮತರು "ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್" ಅಂತ ಶುರು ಮಾಡಿದ್ರಲ್ಲ, ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅದರ ಫೋಟೋವನ್ನು ವಾಟ್ಸಾಪಿಗೆ ಹಾಕಿದ್ರೆ ಹೃದ್ರೋಗ ತಜ್ಞರು ನೋಡಿ ಹೇಳುವ ವ್ಯವಸ್ಥೆ. ನಮ್ಮ ರೈಟರಿಗೆ ನೋವು ಬಂದಾಗ ಅಲ್ಲಿ ಇಸಿಜಿ ತೆಗೆದು ಕಳಿಸಿ, ಏನು ಅಂತ ಗೊತ್ತಾಗಿಯೇ ಮುಂದೆ ಹೊರಟದ್ದು. ಪೇಟೆಯವರಿಗೆ ಇದೆಲ್ಲ ದೊಡ್ಡ ವಿಷಯ ಅನ್ನಿಸ್ಲಿಕ್ಕಿಲ್ಲ ಮಾರಾಯ್ರೆ, ನಮಗೆ ದೊಡ್ಡದೇ.

ಡ್ಯೂಟಿ ಸಿಸ್ಟರ್

ಮಾಣಿಯವರು ಒಳ್ಳೆ ನೆನಪು ಮಾಡಿದ್ರು. ದೂರದ ಊರಿನವರಿಗೆ ಇದನ್ನೂ ಹೇಳಬೇಕು: ಸರ್ಕಾರದ "ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ" ಯೋಜನೆ. ಅಪ್ಪು ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋದ ಮೇಲೆ ಅವರ ಹೆಸರಲ್ಲಿ ಬಂದದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಜಯದೇವದಂಥ ದೊಡ್ಡ ಕೇಂದ್ರದವರು ಅಲ್ಲಿಂದಲೇ ನೋಡ್ತಾರೆ. ದೊಡ್ಡ ಅಟ್ಯಾಕ್ ಅಂತ ಖಚಿತ ಆದರೆ, ರಕ್ತಸ್ರಾವದ ಅಪಾಯ ಇಲ್ಲ ಅಂತ ನೋಡ್ಕೊಂಡು, ಟೆನೆಕ್ಟೆಪ್ಲೇಸ್ ಅನ್ನೋ ಗಡ್ಡೆ ಕರಗಿಸೋ ಇಂಜೆಕ್ಷನ್ ನಮ್ಮಲ್ಲೇ ಕೊಡ್ತೀವಿ. ಹೊರಗೆ ಅದಕ್ಕೆ ಹತ್ತಾರು ಸಾವಿರ ಬೆಲೆ, ಇಲ್ಲಿ ಉಚಿತ. ಆಮೇಲೆ ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ.

ಲೆಕ್ಕ ಹೀಗೆ: ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ನಾಳ ತೆರೆದು ಸ್ಟೆಂಟ್ ಹಾಕೋದು) ಆಗೋ ಹಾಗಿದ್ದರೆ ಅದೇ ಒಳ್ಳೇದು, ಕ್ಯಾಥ್ ಲ್ಯಾಬ್ ಇರೋ ಕಡೆ ನೇರ ಹೋಗಿ. ಆಗಲ್ಲ ಅಂದ್ರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್. ನೋವು ಶುರುವಾಗಿ 12 ಗಂಟೆವರೆಗೂ ಕೊಡಬಹುದು, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟಷ್ಟು ಗುಣ ಆಮೇಲೆ ಇಲ್ಲ. "ಬೆಂಗಳೂರಿಗೇ ಹೋಗೋಣ" ಅಂತ ನಮ್ಮ ಆಸ್ಪತ್ರೆ ಗೇಟು ದಾಟಿಕೊಂಡು ಮೂರು ಗಂಟೆ ಕಾರಲ್ಲಿ ಹೋಗೋರನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಪೀಣ್ಯದವರಿಗೆ: ಮೊದಲು 108ಕ್ಕೆ ಮಾಡಿ, ಗಾಡಿ ಎಲ್ಲಿದೆ ಕೇಳಿ. ಹತ್ತಿರದಲ್ಲಿದ್ದರೆ ಕಾಯಿರಿ, ಅದರಲ್ಲಿ ಆಕ್ಸಿಜನ್, ತರಬೇತಿ ಆದವರು ಇರ್ತಾರೆ. ದೂರ ಇದ್ದು, ಸರಿಯಾದ ಆಸ್ಪತ್ರೆ ಕಾರಲ್ಲಿ ಹದಿನೈದು ಇಪ್ಪತ್ತು ನಿಮಿಷ ಅಂದ್ರೆ ಹೊರಡಿ. ಜೊತೆಗೆ ಇಬ್ಬರು ಇರಲಿ, ಒಬ್ಬರಿಗೆ ಸಿಪಿಆರ್ ಗೊತ್ತಿರಲಿ. ಹೊರಟ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ "ಎದೆನೋವಿನ ಪೇಷಂಟ್ ತರ್ತಿದ್ದೀವಿ" ಅನ್ನಿ. ಬೈಕ್ ಮಾತ್ರ ಬೇಡವೇ ಬೇಡ. ಮಧ್ಯೆ ಕೂತವರು ಕುಸಿದರೆ ಮೂವರೂ ರಸ್ತೆಗೆ.

ಪೀಣ್ಯ ಆಪರೇಟರ್

ಸಿಸ್ಟರ್, ದೊಡ್ಡ ಉಪಕಾರ. ಎಲ್ಲ ಬರ್ಕೊಳ್ತಿದ್ದೀನಿ. 108ರವರಿಗೆ ಹೇಳೋ ಅಡ್ರೆಸ್ ವಿಷಯ ನಾನೂ ಒಂದು ಸೇರಿಸ್ತೀನಿ. ಇಲ್ಲಿ ಹಂತ ಬೇರೆ, ಫೇಸ್ ಬೇರೆ, ಅದರೊಳಗೆ ಮತ್ತೆ ಒಂದೇ ನಂಬರಿನ ಕ್ರಾಸ್‌ಗಳು. ಕೊರಿಯರ್‌ನವನೇ ದಿನಾ ಫೋನ್ ಮಾಡ್ತಾನೆ. ಹಾಗಾಗಿ ಪೂರ್ತಿ ವಿಳಾಸ, ಹತ್ತಿರದ ಗುರುತು, ಕ್ಯಾಥ್ ಲ್ಯಾಬ್ ಇರೋ ಎರಡು ಆಸ್ಪತ್ರೆಗಳ ತುರ್ತು ನಂಬರ್, ಎಲ್ಲ ಸೇರಿಸಿ ಒಂದು ಬೋರ್ಡ್ ಮಾಡಿಸಿ ಟೈಮ್ ಆಫೀಸ್ ಪಕ್ಕ ಹಾಕಿದ್ವಿ. ಯಾರಾದ್ರೂ ಬಿದ್ದರೆ ಸೆಕ್ಯೂರಿಟಿ ಮೇನ್ ರೋಡಿಗೆ ಹೋಗಿ ನಿಲ್ಲಬೇಕು, ಫೋರ್ಕ್‌ಲಿಫ್ಟ್ ದಾರಿಯಿಂದ ತೆಗೀಬೇಕು, ಅಕ್ಕಪಕ್ಕದ ಮಷೀನಿಗೆ ಎಮರ್ಜೆನ್ಸಿ ಸ್ಟಾಪ್ ಒತ್ತಬೇಕು. ಯಾರು ಯಾವುದು ಅಂತ ಶಿಫ್ಟ್‌ವಾರು ಹೆಸರು ಬರೆದಿದ್ದೀವಿ. ಆವತ್ತು ಕೂಡಿದ ಇಪ್ಪತ್ತು ಜನರಲ್ಲಿ ಫೋನ್ ತೆಗೆದಿದ್ದು ಒಬ್ಬನೇ, ಉಳಿದವರೆಲ್ಲ ಬೇರೆ ಯಾರೋ ಮಾಡಿರ್ತಾರೆ ಅಂದ್ಕೊಂಡಿದ್ರು.

ಆ ಕರೆಂಟ್ ಪೆಟ್ಟಿಗೆ, ಎಇಡಿ ಅಂತಾರಂತೆ, ಬೆಲೆ ಕೇಳಿ ಓನರ್ ಸ್ವಲ್ಪ ಸುಮ್ಮನಾದ್ರು.

ಸೇಫ್ಟಿ ಬಾಬು

ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಬಹಳ ಕಾಲ ಕೆಲಸ ಮಾಡಿದವನು. ಎಇಡಿ ಲಕ್ಷದ ಆಸುಪಾಸು ಆಗುತ್ತೆ, ಕಂಪನಿ ನೋಡಿ ಹೆಚ್ಚು ಕಮ್ಮಿ. ಪ್ಯಾಡ್, ಬ್ಯಾಟರಿ ಎರಡಕ್ಕೂ ಅವಧಿ ಇದೆ, ಅದನ್ನ ನೋಡ್ಕೊಳ್ಳೋರು ಇಲ್ಲ ಅಂದ್ರೆ ಗೋಡೆ ಮೇಲಿನ ಅಲಂಕಾರ. ನಿಮ್ಮಂಥ ಸಣ್ಣ ಶಾಪ್‌ಗಳು ಅದೇ ರಸ್ತೆಯ ಏಳೆಂಟು ಯೂನಿಟ್ ಸೇರಿ ಒಂದು ಕೊಂಡು, ರಾತ್ರಿಯೂ ಸೆಕ್ಯೂರಿಟಿ ಇರೋ ಗೇಟಲ್ಲಿ ಇಡಬಹುದು. ಓಡಿ ಹೋಗಿ ತರೋಕೆ ಒಂದೂವರೆ ನಿಮಿಷದ ದೂರದಲ್ಲಿರಲಿ.

ಬಳಸೋದು ಕಷ್ಟ ಅಲ್ಲ, ಪೆಟ್ಟಿಗೆಯೇ ಮಾತಾಡಿ ಹೇಳುತ್ತೆ. ಶಾಕ್ ಬೇಕೋ ಬೇಡವೋ ಅದೇ ನೋಡುತ್ತೆ, ಬೇಡವಾದವರಿಗೆ ನೀವು ಒತ್ತಿದರೂ ಕೊಡಲ್ಲ. ಆದರೆ ಮಷೀನ್ ಶಾಪ್‌ಗೆ ಒಂದು ವಿಶೇಷ ಕಿರಿಕಿರಿ ಇದೆ: ಕೂಲೆಂಟು, ಎಣ್ಣೆ, ಬೆವರು ಮೆತ್ತಿದ ಎದೆಗೆ ಪ್ಯಾಡ್ ಅಂಟಲ್ಲ. ಪೆಟ್ಟಿಗೆ ಜೊತೆಗೇ ಒಣ ಬಟ್ಟೆ, ಅಂಗಿ ಕತ್ತರಿಸೋಕೆ ಕತ್ತರಿ, ಒಂದು ಬಿಸಾಡೋ ರೇಜರ್ ಕಟ್ಟಿಡಿ. ನೆಲದಲ್ಲಿ ಕೂಲೆಂಟ್ ನಿಂತಿದ್ದರೆ ಮೊದಲು ಒಣಗಿದ ಕಡೆಗೆ ಎಳ್ಕೊಳ್ಳಿ. ಶಾಕ್ ಹೊತ್ತಲ್ಲಿ ಯಾರೂ ಮುಟ್ಟಿರಬಾರದು.

ಕಾನೂನು ಹೇಳೋದಾದ್ರೆ, 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ನಲ್ಲಿ ಪ್ರತಿ 150 ಕಾರ್ಮಿಕರಿಗೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅದಕ್ಕೆ ತರಬೇತಿ ಪಡೆದ ಜವಾಬ್ದಾರಿಯ ವ್ಯಕ್ತಿ ಅಂತ ಬರೆದಿತ್ತು. ಐನೂರಕ್ಕಿಂತ ಹೆಚ್ಚಿದ್ದರೆ ಆಂಬುಲೆನ್ಸ್ ಕೊಠಡಿ. ನಾನು ನೋಡಿದ ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲಿಗೆ ಬೀಗ, ಬೀಗದಕೈ ಎಚ್‌ಆರ್ ಹತ್ತಿರ, ಎಚ್‌ಆರ್ ರಜೆ.

ಹುಡುಗರು "ಒತ್ತಿ ಏನಾದ್ರೂ ಆದ್ರೆ ಕೇಸು" ಅಂತ ಹೆದರ್ತಾರಲ್ಲ, ಒಳ್ಳೆ ಮನಸ್ಸಿಂದ, ಒಪ್ಪಿಗೆ ಕೇಳೋ ಸ್ಥಿತಿ ಇಲ್ಲದವನ ಜೀವ ಉಳಿಸೋಕೆ ಮಾಡಿದ ಕೆಲಸ ಅಪರಾಧ ಆಗಲ್ಲ. ಹಳೇ ಐಪಿಸಿಯ 92ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 30. ಹೃದಯ ನಿಂತವನಿಗೆ ನೀವು ಮಾಡಬಹುದಾದ ಕೇಡು ಏನೂ ಉಳಿದಿಲ್ಲ ಅಂತ ಅವರಿಗೆ ನೇರವಾಗಿ ಹೇಳಿ.

ಓದುಗ 77

ಸಾರ್ಬಿಟ್ರೇಟ್ ವಿಷಯ ಗ್ರೂಪಲ್ಲಿ ಹಾಕಿದ್ದೀನಿ ಸಿಸ್ಟರ್, ಅಡ್ಮಿನ್ ಜೊತೆ ಜಗಳ ಆಯ್ತು. ಇರಲಿ. ಆದರೆ ಒಂದು ಅನುಮಾನ. ಇತ್ತೀಚೆಗೆ ಹುಡುಗರೇ ಸಾಯ್ತಿದ್ದಾರಲ್ಲ, ಲಸಿಕೆ ಅಂತಾರೆ, ಊಟ ಅಂತಾರೆ. ಹಾಸನದಲ್ಲಂತೂ ಸಾಲು ಸಾಲು.

ಹಾಸನದ ಕ್ಲರ್ಕ್

ಹಾಸನದವನೇ ನಾನು. 2025ರ ಜೂನ್, ಜುಲೈನಲ್ಲಿ ಟಿವಿಯವರು ದಿನಾ ಲೆಕ್ಕ ಓದ್ತಿದ್ದಾಗ ನಮ್ಮ ಆಫೀಸಿನ ಅರ್ಧ ಜನ ಮೈಸೂರು ಜಯದೇವದ ಮುಂದೆ ಕ್ಯೂ ನಿಂತಿದ್ರು, ಏನೂ ತೊಂದರೆ ಇಲ್ಲದಿದ್ದರೂ. ಅಲ್ಲಿ ನಿಜವಾದ ರೋಗಿಗಳಿಗೇ ಜಾಗ ಇಲ್ಲದ ಹಾಗಾಗಿತ್ತು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ವಿಪರೀತ ಏರಿಕೆ ಏನಿಲ್ಲ, ಬಿಪಿ, ಶುಗರ್, ತಂಬಾಕು ಇವೇ ಮತ್ತೆ ಮತ್ತೆ ಕಾಣ್ತಿವೆ ಅನ್ನೋ ಅರ್ಥದ ವರದಿ ಬಂತು. ಅದನ್ನ ಯಾವ ಚಾನೆಲ್ಲೂ ಅಷ್ಟು ಕೂಗಿ ಹೇಳಲಿಲ್ಲ ಬಿಡಿ. ನಮ್ಮ ಜನಕ್ಕೆ ಬೇರೆ ದೇಶದವರಿಗಿಂತ ಕೆಲವು ವರ್ಷ ಮೊದಲೇ ಹೃದಯದ ಕಾಯಿಲೆ ಬರುತ್ತೆ ಅನ್ನೋದು ಕೋವಿಡ್‌ಗಿಂತ ಬಹಳ ಹಿಂದಿನ ಮಾತು. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ರೋಗಿಗಳನ್ನ ನೋಡಿತ್ತು, ಅಪಾಯದ ಬಹುಪಾಲು ತಡೆಯಬಹುದಾದ ಒಂಬತ್ತು ಕಾರಣಗಳಿಂದ ಅಂತ ಹೇಳಿತ್ತು. ತಂಬಾಕು, ಕೊಬ್ಬು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಹೀಗೆ. ಈ ಚರ್ಚೆ ಬೇಕಾದ್ರೆ ಬೇರೆ ಕಡೆ ಶುರು ಮಾಡಿ, ಇವರ ಬೋರ್ಡ್ ಕೆಲಸ ಮುಗೀಲಿ.

ತುಮಕೂರಿನ ಸೊಸೆ

ಇಷ್ಟು ದಿನ ಓದ್ತಿದ್ದೆ, ಇವತ್ತು ಬರೀಬೇಕು ಅನ್ನಿಸ್ತು. ನಮ್ಮ ಮನೆಯವರಿಗೆ ಆಫೀಸಿನಲ್ಲೇ ಆಗಿತ್ತು. ಸಹೋದ್ಯೋಗಿಗಳು ದೇವರ ಹಾಗೆ ನೋಡ್ಕೊಂಡ್ರು, ಅದರಲ್ಲಿ ಎರಡು ಮಾತಿಲ್ಲ. ಮನೆಯ ಕಡೆಯಿಂದ ಕೆಲವು ವಿಷಯ ಹೇಳ್ತೀನಿ, ನಿಮ್ಮ ಬೋರ್ಡಿಗೆ ಬೇಕಾದ್ರೆ ಸೇರಿಸಿ.

ಆಫೀಸಿನ ಕಡತದಲ್ಲಿ ಇದ್ದ ನಂಬರ್ ನಮ್ಮ ಮಾವನವರದು, ಅವರು ತೀರಿಕೊಂಡು ವರ್ಷಗಳಾಗಿದ್ವು. ನನಗೆ ಸುದ್ದಿ ಬಂದಿದ್ದು ಯಾರೋ ಯಾರನ್ನೋ ಕೇಳಿ. ಫೋನ್ ಮಾಡಿದವರು "ಏನಿಲ್ಲ ಮೇಡಂ, ಸ್ವಲ್ಪ ತಲೆಸುತ್ತು, ಗಾಬರಿ ಆಗಬೇಡಿ, ಬನ್ನಿ" ಅಂದ್ರು. ನಾನು ನಿಧಾನವಾಗಿ ಮಕ್ಕಳಿಗೆ ಊಟ ಹಾಕಿ ಬಸ್ಸಲ್ಲಿ ಹೊರಟೆ. ಹೆದರಿಸಬಾರದು ಅಂತ ಹಾಗಂದ್ರು, ಗೊತ್ತು. ಆದರೆ "ಹಾರ್ಟ್ ಪ್ರಾಬ್ಲಂ ಆಗಿದೆ, ಇಂಥ ಆಸ್ಪತ್ರೆಯಲ್ಲಿದ್ದಾರೆ, ಈಗ ಮಾತಾಡ್ತಿದ್ದಾರೆ, ತಗೊಳ್ತಿದ್ದ ಮಾತ್ರೆಗಳ ಫೋಟೋ ಕಳಿಸಿ, ಆಧಾರ್ ಮತ್ತು ಇನ್ಶೂರೆನ್ಸ್ ಕಾರ್ಡ್ ತಗೊಂಡು ಆಟೋದಲ್ಲೇ ಬನ್ನಿ" ಅಂದಿದ್ದರೆ ನನಗೂ ಡಾಕ್ಟ್ರಿಗೂ ಅನುಕೂಲ ಆಗ್ತಿತ್ತು. ಬಂದ ಮೇಲೆ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಅಂತ ಒಂದೇ ಸಮ. ತುರ್ತು ಚಿಕಿತ್ಸೆಯನ್ನ ಮುಂಗಡದ ಕಾರಣಕ್ಕೆ ನಿಲ್ಲಿಸುವಂತಿಲ್ಲ ಅಂತ ನಮ್ಮ ರಾಜ್ಯದ ಕಾಯ್ದೆಯಲ್ಲೇ ಇದೆಯಂತೆ, ಆ ಹೊತ್ತಿಗೆ ಅದನ್ನ ಹೇಳೋರು ಒಬ್ಬರು ಪಕ್ಕದಲ್ಲಿರಬೇಕಿತ್ತು.

ಆಮೇಲೆ ನೋಡೋಕೆ ಬರೋದು. ಇಡೀ ಸೆಕ್ಷನ್ ಐಸಿಯು ಮುಂದೆ. ಸೇಬು, ಎಳನೀರು, ಹಾರ್ಲಿಕ್ಸ್. ಮನೆಗೆ ಬಂದ ಮೇಲೂ ಪ್ರತಿ ಭಾನುವಾರ ಜನ, ಪ್ರತಿಯೊಬ್ಬರಿಗೂ ಅವರು ಮೊದಲಿಂದ ಕಥೆ ಹೇಳೋದು, ಸುಸ್ತಾಗಿ ಮಲಗೋದು. ಒಬ್ಬರು ಬಂದು ಕರೆಂಟ್ ಬಿಲ್ ಕಟ್ಟಿ, ಮಗನನ್ನ ಸ್ಕೂಲಿಗೆ ಬಿಟ್ಟು ಹೋದ್ರು. ಅವರ ಹೆಸರನ್ನ ನಾನು ಸಾಯೋವರೆಗೂ ಮರೆಯಲ್ಲ.

ಇಎಸ್‌ಐ ಗುಮಾಸ್ತ

ತಿಂಗಳ ಸಂಬಳ 21,000 ರೂಪಾಯಿವರೆಗೆ ಇರೋರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರ್ತಾರೆ. ರಜೆ ಇದ್ದಷ್ಟು ದಿನ ಸಂಬಳ ಇಲ್ಲ ಅಂತ ಬೇಗ ಕೆಲಸಕ್ಕೆ ಬರೋರಿದ್ದಾರೆ, ಅದು ಬೇಡ. ಚಂದಾ ಸರಿಯಾಗಿ ಕಟ್ಟಿದ್ದರೆ ಕಾಯಿಲೆ ಭತ್ಯೆ ಸಂಬಳದ ಶೇ 70ರಂತೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತೆ. ಸರ್ಟಿಫಿಕೇಟ್ ಇಎಸ್‌ಐ ಡಾಕ್ಟ್ರಿಂದ ಆಗಬೇಕು. ತುರ್ತಿನಲ್ಲಿ ಬೇರೆ ಆಸ್ಪತ್ರೆಗೆ ಹೋಗಿದ್ದರೆ ಬಿಲ್, ಡಿಸ್ಚಾರ್ಜ್ ಸಮ್ಮರಿ, ಇಸಿಜಿ ಎಲ್ಲ ಜೋಪಾನವಾಗಿಟ್ಟು ಬೇಗ ಅರ್ಜಿ ಹಾಕಿ. ಆಪರೇಟರ್ ಅವರೇ, ನಿಮ್ಮ ಅಣ್ಣನ ಪರವಾಗಿ ಓಡಾಡೋ ಕೆಲಸ ನೀವು ಹಿಡ್ಕೊಳ್ಳಿ, ಅವರನ್ನ ಮೆಟ್ಟಿಲು ಹತ್ತಿಸಬೇಡಿ.

ಪೀಣ್ಯ ಆಪರೇಟರ್

ಅರ್ಜಿ ನಾನೇ ಹಾಕಿ ಬಂದೆ ಸಾರ್. ಸೊಸೆ ಅಮ್ಮ, ನೀವು ಹೇಳಿದ್ದಕ್ಕೆ ಎಲ್ಲರ ಮನೆ ನಂಬರ್, ಬ್ಲಡ್ ಗ್ರೂಪ್, ತಗೊಳ್ಳೋ ಮಾತ್ರೆ ಹೊಸದಾಗಿ ಬರೆಸಿಕೊಳ್ತಿದ್ದೀವಿ. ಇಬ್ಬರಿಗೆ ಬಿಪಿ ಮಾತ್ರೆ ಇದೆ ಅಂತ ಗೊತ್ತಾಗಿದ್ದೇ ಈಗ. ಭಾನುವಾರ ಸಿಪಿಆರ್ ಕ್ಲಾಸ್ ಇಟ್ಟಿದ್ದೀವಿ, ಪಕ್ಕದ ಮೂರು ಶಾಪ್‌ನವರೂ ಬರ್ತಾರೆ. ಎಇಡಿಗೆ ಐದು ಯೂನಿಟ್ ಒಪ್ಪಿವೆ.

ಅಣ್ಣ ಮುಂದಿನ ವಾರದಿಂದ ಬರ್ತೀನಿ ಅಂತಿದ್ದಾರೆ. ಡಾಕ್ಟ್ರು ಹಗಲು ಶಿಫ್ಟ್ ಮಾತ್ರ, ಮಷೀನಿನ ಚಕ್‌ನಂಥ ಭಾರ ಎತ್ತೋದು ಬೇಡ ಅಂದಿದ್ದಾರೆ. ಟೂಲ್ ರೂಮಲ್ಲಿ ಪ್ರೋಗ್ರಾಂ ನೋಡ್ಕೊಳ್ಳಿ ಅಂದ್ರೆ "ನನ್ನನ್ನ ಮೂಲೆಗೆ ಕೂರಿಸ್ತೀರಾ" ಅಂತ ಸಿಟ್ಟು. ಮೊದಲಿನ ಹಾಗೆ ನಗಲ್ಲ, ಸಣ್ಣ ನೋವಿಗೂ ಎದೆ ಮುಟ್ಟಿ ನೋಡ್ಕೊಳ್ತಾರೆ.

ಡ್ಯೂಟಿ ಸಿಸ್ಟರ್

ಅಟ್ಯಾಕ್ ಆದ ಮೇಲೆ ಮನಸ್ಸು ಕುಗ್ಗೋದು ತುಂಬಾ ಸಾಮಾನ್ಯ. ಮುಂದಿನ ಚೆಕಪ್‌ನಲ್ಲಿ ಡಾಕ್ಟ್ರಿಗೆ ಇದನ್ನೂ ಹೇಳಲಿ, ಅದಕ್ಕೂ ಚಿಕಿತ್ಸೆ ಇದೆ. ಮೂಲೆಗೆ ಕೂರಿಸೋ ಬದಲು ಹೊಸ ಹುಡುಗರಿಗೆ ಸೆಟ್ಟಿಂಗ್ ಕಲಿಸೋ ಕೆಲಸ ಕೊಡಿ, ಬಾಯಲ್ಲಿ ಹೇಳೋದು, ಎತ್ತೋದು ಅವರು. ಮಾತ್ರೆ ತಪ್ಪಿಸದೆ ತಗೊಳ್ತಿದ್ದಾರಾ? ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ (ಇವೂ ರಕ್ತ ಗಡ್ಡೆ ಕಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ), ಸಾಮಾನ್ಯವಾಗಿ ಒಂದು ವರ್ಷ. ಹೃದಯದ ಡಾಕ್ಟ್ರನ್ನ ಕೇಳದೆ ಯಾವ ಕಾರಣಕ್ಕೂ ನಿಲ್ಲಿಸಬಾರದು. ನಿಲ್ಲಿಸಿದರೆ ಸ್ಟೆಂಟ್ ಒಳಗೇ ಗಡ್ಡೆ ಕಟ್ಟಬಹುದು, ಅದು ಮೊದಲನೇ ಅಟ್ಯಾಕ್‌ಗಿಂತ ಕೆಟ್ಟದು.

ಪೀಣ್ಯ ಆಪರೇಟರ್

ಸಿಸ್ಟರ್, ಅವರ ಹಲ್ಲು ನೋವು. ನಾಡಿದ್ದು ಕೀಳಿಸ್ತಾರಂತೆ. ರಕ್ತ ನಿಲ್ಲಲ್ಲ ಅಂತ ಯಾರೋ ಹೇಳಿದ್ರಂತೆ, ನಿನ್ನೆಯಿಂದ ಆ ಎರಡು ಮಾತ್ರೆ ಬಿಟ್ಟಿದ್ದಾರೆ.

ಡ್ಯೂಟಿ ಸಿಸ್ಟರ್

ಈಗಲೇ ಫೋನ್ ಮಾಡಿ. ಸ್ಟೆಂಟ್ ಹಾಕಿದ ಡಾಕ್ಟ್ರಿಗೆ ಇವತ್ತೇ ತಿಳಿಸಿ ಅವರು ಹೇಳಿದ ಹಾಗೆ ಮಾತ್ರೆ ಮತ್ತೆ ಶುರು ಮಾಡಲಿ, ಹಲ್ಲಿನ ಡಾಕ್ಟ್ರಿಗೂ ಸ್ಟೆಂಟ್ ವಿಷಯ ಗೊತ್ತಾಗಬೇಕು. ಹಲ್ಲು ಕೀಳೋದನ್ನ ಮುಂದಕ್ಕೆ ಹಾಕಬಹುದು, ಇಲ್ಲ ಮಾತ್ರೆ ಮೇಲೆಯೇ ಜಾಗ್ರತೆಯಿಂದ ಕೀಳಬಹುದು.

ಪೀಣ್ಯ ಆಪರೇಟರ್

ಮಾತಾಡಿದೆ. ಅತ್ತಿಗೆ ಫೋನ್ ಎತ್ತಿದ್ರು, ಡಾಕ್ಟ್ರ ಹತ್ತಿರ ಲೈನಲ್ಲೇ ಮಾತಾಡಿಸಿದೆ, ಮಾತ್ರೆ ತಗೊಂಡಾಯ್ತು. ಹಲ್ಲು ಸದ್ಯಕ್ಕೆ ಇರಲಿ ಅಂದಿದ್ದಾರೆ. ಅಣ್ಣ ಹಿಂದಿನಿಂದ ಬೈತಿದ್ರು.